ಅಕ್ಕಿ ಆರ್ತೈತೆ

ಬೆಳಿಗ್ಗೆ ನೆಲಮಹಡಿಯ ನರ್ಸರಿಯಲ್ಲಿ ಪ್ರಾರ್ಥನೆ ಶುರುವಾಗುತ್ತಿದ್ದಂತೆ ಎರಡನೇ ಮಹಡಿಯಲ್ಲಿ ಶ್ಯಾಮಲಾ ಕಿಟಕಿಯ ಎರಡೂ ಬಾಗಿಲು ತೆರೆದು, ಅದರ ಬುಡಕ್ಕೆ ಚಾಪೆ ಎಳೆದುಕೊಂಡು ಕೂರುತ್ತಾಳೆ. ಒಂದು ಕಡೆ ಮೊರದಲ್ಲಿ ಅಕ್ಕಿ, ಇನ್ನೊಂದು ಕಡೆ ಪುಸ್ತಕ. ಐದು ವರ್ಷದ ಮಗಳು ಹಾಸಿನಿ ತಾಯಿಯ ತೊಡೆಗೆ ಒರಗಿ ಅಕ್ಕಿಯಲ್ಲಿ ಕಲ್ಲು ಹುಡುಕುತ್ತಾಳೆ. ಕೆಳಗೆ ಮಕ್ಕಳು ಎಷ್ಟು ಜೋರಾಗಿ ಹಾಡುತ್ತಾರೋ ಅಷ್ಟೇ ಜೋರಾಗಿ ಮೇಲೆ ಶ್ಯಾಮಲಾ ಕಥೆ ಓದುತ್ತಾಳೆ. ಹಿಂದಿನ ಕೋಣೆ ಇದಕ್ಕಿಂತ ತಂಪು, ಬೆಳಕೂ ಹೆಚ್ಚು. ಆದರೆ ಈ ಕಿಟಕಿ ಇರುವುದು ನರ್ಸರಿಯ ಅಂಗಳದ ನೇರ ಮೇಲೆ. ಹಿಂದಿನ ಕೋಣೆಯಲ್ಲಿ ಕೂತು ಓದಿದರೆ ನಿರುಪಮಾ ಮಿಸ್‌ಗೆ ಕೇಳಿಸುವುದಿಲ್ಲ.

ಹೀಗೆ ಓದಲು ಶುರುಮಾಡಿದ ಕೆಲವು ದಿನಕ್ಕೆ ನರ್ಸರಿಯ ಆಯಾ ಸಿದ್ದಕ್ಕ ಮೆಟ್ಟಿಲು ಹತ್ತಿ ಬಂದಿದ್ದಳು.

"ಕಿಟಕಿ ಆಕ್ಕೋಬೇಕಂತೆ ಕಣಮ್ಮ. ಮಕ್ಳಿಗೆ ಡಿಸ್ಟರ್ಬ್ ಆಯ್ತದಂತೆ."

"ನಮ್ಮನೆ ಕಿಟಕಿ ಸಿದ್ದಕ್ಕ. ಗಾಳಿ ಬೇಕಂತೆ ಅಂತ ಏಳು."

ಸಿದ್ದಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. "ಗಾಳಿ ಬೇಕಂತೆ ಅಂತ ಏಳ್ತೀನಿ. ಯಾವ ಗಾಳಿ ಅಂತ ನಾನೇನೂ ಏಳಕ್ಕೋಗಲ್ಲ."

ಕುಂದಲಹಳ್ಳಿಯ ಹಳೆಯ ಮನೆಗಳ ಮಾತಿನಲ್ಲಿ ಪದದ ಮೊದಲಿಗೆ ಬರುವ 'ಹ' ಕೇಳಿಸುವುದಿಲ್ಲ. ಅಲ್ಲಿ ಹೂವು ಊವು, ಹಾಲು ಆಲು, ಹೇಳು ಎಂಬುದು ಏಳು, ಹೇಗೆ ಎಂಬುದು ಎಂಗೆ. ಶ್ಯಾಮಲಾಳ ಮಾವ ವೆಂಕಟೇಶಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ನಾಲ್ಕು ಮಹಡಿಯ ಕಟ್ಟಡವಿದೆ. ಮೇಲೆ ಬಾಡಿಗೆ ಮನೆಗಳು, ಕೆಳಗೆ ನರ್ಸರಿ. ಎದುರಿನ ರಸ್ತೆಯಲ್ಲಿ ಐಟಿ ಕಂಪನಿಯ ಬಸ್ಸುಗಳು ಓಡಾಡುತ್ತವೆ. ಇಷ್ಟೆಲ್ಲ ಬದಲಾದರೂ ಮನೆಯೊಳಗಿನ ಮಾತು ಬದಲಾಗಿಲ್ಲ. ಮಗು ಹುಟ್ಟಿದಾಗ ಪುರೋಹಿತರು ಪುನರ್ವಸು ಮೂರನೇ ಪಾದ, 'ಹಾ' ಅಕ್ಷರದಿಂದಲೇ ಹೆಸರಿಡಬೇಕು ಎಂದರು. ಹಾಸಿನಿ ಎಂದು ಇಟ್ಟರು. ಇಟ್ಟ ದಿನದಿಂದ ಮನೆಯವರೆಲ್ಲ ಆಸಿನಿ ಎಂದೇ ಕರೆದರು. ಯಾರಿಗೂ ಏನೂ ತಪ್ಪೆನಿಸಲಿಲ್ಲ.

ತಪ್ಪೆನಿಸಿದ್ದು ಹಿಂದಿನ ವರ್ಷದ ಸ್ಕೂಲ್ ಡೇ ದಿನ. ಕಟ್ಟಡದ ಪಕ್ಕದ ಖಾಲಿ ಸೈಟಿನಲ್ಲಿ, ಶ್ಯಾಮಲಾಳ ಗಂಡ ಗುರುರಾಜ್ ತನ್ನ ನೀರಿನ ಟ್ಯಾಂಕರ್ ನಿಲ್ಲಿಸುವ ಜಾಗದಲ್ಲಿ, ಶಾಮಿಯಾನ ಹಾಕಿದ್ದರು. ಕಟ್ಟಡದ ಮಾಲೀಕರೆಂದು ವೆಂಕಟೇಶಪ್ಪನವರೇ ಮುಖ್ಯ ಅತಿಥಿ. ಮೈಸೂರು ಪೇಟ ಇಟ್ಟು, ಶಾಲು ಹೊದಿಸಿ ವೇದಿಕೆಯ ಮೇಲೆ ಕೂರಿಸಿದ್ದರು. ನರ್ಸರಿ ನಡೆಸುವ ನಿರುಪಮಾ ಮಿಸ್ ಒಂದೊಂದೇ ಮಗುವನ್ನು ಕರೆದು ಚಿತ್ರ ತೋರಿಸುತ್ತಿದ್ದರು, ಮಗು ಮೈಕಿನಲ್ಲಿ ಅದರ ಹೆಸರು ಹೇಳಬೇಕು. ಆಗ ಅಲ್ಲೇ ಎಲ್‌ಕೆಜಿಯಲ್ಲಿದ್ದ ಹಾಸಿನಿಗೆ ಬಂದದ್ದು ರೆಕ್ಕೆ ಬಿಚ್ಚಿದ ಹಕ್ಕಿಯ ಚಿತ್ರ.

"ಅಕ್ಕಿ ಆರ್ತೈತೆ" ಎಂದಿತು ಮಗು.

ಮಿಸ್ ಜನರ ಕಡೆ ತಿರುಗಿದರು. "ಅಕ್ಕಿ ಆರ್ತಾ ಇದೆಯಂತೆ! ಯಾಕೆ ಪುಟ್ಟಾ, ಅಮ್ಮ ಟೆರೇಸ್ ಮೇಲೆ ಒಣಗ್ಹಾಕಿದ್ರಾ?"

ಮುಂದಿನ ಸಾಲು ನಕ್ಕಿತು. ಅವರು ನಕ್ಕಿದ್ದನ್ನು ನೋಡಿ, ಕನ್ನಡ ಬಾರದ ಹಿಂದಿನ ಸಾಲಿನವರೂ ನಕ್ಕರು. "ಇನ್ನೊಂದ್ಸಲ ಹೇಳು" ಎಂದರು ಮಿಸ್. ಎಲ್ಲರಿಗೂ ಇಷ್ಟವಾಯಿತೆಂದು ತಿಳಿದ ಮಗು ಇನ್ನೂ ಜೋರಾಗಿ ಹೇಳಿತು. ಮೂರನೇ ಸಲವೂ ಹೇಳಿಸಿದರು. "ನಿನ್ನ ಹೆಸರೇನು ಹೇಳು?" ಎಂದೂ ಕೇಳಿದರು. "ಆಸಿನಿ" ಎಂದಾಗ ನಗು ಶಾಮಿಯಾನದ ತುದಿಯವರೆಗೆ ಹೋಯಿತು. ಆ ನಗು ಮೆಚ್ಚುಗೆಯದಲ್ಲ ಎಂದು ಮಗುವಿಗೆ ಗೊತ್ತಾದದ್ದು ಆಗ. ಫ್ರಾಕಿನ ಅಂಚನ್ನು ಎರಡೂ ಕೈಯಲ್ಲಿ ಎತ್ತಿ ಮುಖ ಮುಚ್ಚಿಕೊಂಡಿತು.

ವೆಂಕಟೇಶಪ್ಪ ಚಪ್ಪಾಳೆ ತಟ್ಟಿದರು. ಮನೆಗೆ ಬಂದ ಮೇಲೂ ಅವರ ಹೆಮ್ಮೆ ಇಳಿಯಲಿಲ್ಲ.

"ಬ್ಯಾರೆ ಮಕ್ಳ ಕೈಲಿ ಒಂದೇ ಸಲ ಏಳ್ಸಿದ್ರು. ನಮ್ಮ ಆಸಿನಿ ಕೈಲಿ ಮೂರು ಸಲ!"

"ಮಾವ, ಅವ್ರು ನಕ್ಕಿದ್ದು ಅವಳ್ನ ನೋಡಿ."

"ನಗ್ದೆ ಇನ್ನೇನಮ್ಮ, ಅಷ್ಟು ಚೆನ್ನಾಗಿ ಏಳ್ತು ಮಗ."

"ಅಕ್ಕಿ ಅಂದ್ಳು ಮಾವ." ಶ್ಯಾಮಲಾ ಉಸಿರು ಎಳೆದುಕೊಂಡು ಪ್ರಯತ್ನಪಟ್ಟು ಹೇಳಿದಳು. "ಅದು ಹಕ್ಕಿ."

"ಅದೇ ತಾನೆ ನಾನೂ ಏಳಿದ್ದು? ಅಕ್ಕಿ."

ಮಾವನನ್ನು ನಂಬಿ ಪ್ರಯೋಜನವಿಲ್ಲ ಎಂದು ಶ್ಯಾಮಲಾಗೆ ಆಗಲೇ ಖಾತ್ರಿಯಾಯಿತು. ಆಗಿರುವ ಅವಮಾನ ಅವರ ಕಿವಿಗೆ ಬೀಳುವಂಥದ್ದೇ ಅಲ್ಲ.

ಮರುದಿನ ಅವಳೇ ಕೆಳಗೆ ಹೋದಳು. ನಿರುಪಮಾ ಮಿಸ್ ಕುರ್ಚಿ ತೋರಿಸಿದರು, ನೀರು ಕೊಟ್ಟರು.

"ಅಯ್ಯೋ, ಫನ್‌ಗೆ ಮಾಡಿದ್ದು ಶ್ಯಾಮಲಾ. ಎಲ್ಲರೂ ಎಷ್ಟು ಎಂಜಾಯ್ ಮಾಡಿದ್ರು! ಆದ್ರೆ ಒಂದು ಮಾತು, ತಪ್ಪು ತಿಳ್ಕೋಬೇಡಿ. ತನ್ನ ಹೆಸರೇ ಸರಿಯಾಗಿ ಹೇಳಕ್ಕೆ ಬರಲ್ಲ ಅವಳಿಗೆ. ಮನೆ ಭಾಷೆ ಸರಿಹೋಗೋವರೆಗೂ ಯುಕೆಜಿ ಕಷ್ಟ. ಇನ್ನೊಂದು ವರ್ಷ ಎಲ್‌ಕೆಜಿಲೇ ಇರ್ಲಿ."

ಶ್ಯಾಮಲಾಗೆ ಹೇಳಬೇಕಾದ ಮಾತು ಬಹಳ ಇತ್ತು. ಆದರೆ ಬಾಯಿಗೆ ಬಂದ ಪ್ರತಿ ಮಾತಿನಲ್ಲೂ ಎಲ್ಲೋ ಒಂದು 'ಹ' ಇತ್ತು. ಹೊಸಕೋಟೆ ಕಡೆಯ ಹಳ್ಳಿಯಿಂದ ಬಂದು ಪಿಯುಸಿ ಮುಗಿಸಿದವಳು, ಹೊರಗಿನವರ ಮುಂದೆ ಆ ಅಕ್ಷರವನ್ನು ಜ್ಞಾಪಿಸಿಕೊಂಡು ಮಾತಾಡುವುದು ಅವಳಿಗೆ ಅಭ್ಯಾಸವಾಗಿತ್ತು. ಸಿಟ್ಟು ಬಂದಾಗ ಮಾತ್ರ ಅದು ಕೈಕೊಡುತ್ತಿತ್ತು. ಇವರ ಮುಂದೆ ಅದೊಂದು ಕೈಕೊಟ್ಟರೆ ಸಾಕು, ಇವರು ಮತ್ತೆ ನಗುತ್ತಾರೆ. ಕೊಟ್ಟ ನೀರು ಕುಡಿದು ಎದ್ದು ಬಂದಳು. ಮೆಟ್ಟಿಲು ಹತ್ತುತ್ತಾ ತೀರ್ಮಾನಿಸಿದಳು. ಮಗಳು ಇನ್ನು ಮಿಸ್ ಮುಂದೆ ನಿಲ್ಲುವುದು ಮುಂದಿನ ಸ್ಕೂಲ್ ಡೇಗೇ. ಅದೇ ವೇದಿಕೆ, ಅದೇ ಮೈಕು. ಅವತ್ತು ಬಾಯಿ ಮುಚ್ಚಿಕೊಳ್ಳುವ ಸರದಿ ಮಿಸ್‌ದು.

"ಬ್ಯಾರೆ ಸ್ಕೂಲ್‌ಗೆ ಆಕಿದ್ರಾಯ್ತು ಬಿಡು" ಎಂದ ಗುರುರಾಜ್.

"ಆಕಲ್ಲ. ನಾನೇ ಕಲಿಸ್ತೀನಿ."

ಅಲ್ಲಿ ಅವಳು ಎಣಿಸದಿದ್ದ ಒಂದು ಸಂಗತಿ ಇತ್ತು. ಮಗು ಮಾತು ನಿಲ್ಲಿಸಿತ್ತು. ಅಂಗಡಿಗೆ ಹೋದರೆ ಬಿಸ್ಕೆಟ್ಟಿನ ಕಡೆ ಬೆರಳು ತೋರಿಸುತ್ತಿತ್ತು. ಯಾರಾದರೂ ಹೆಸರು ಕೇಳಿದರೆ ತಾಯಿಯ ಹಿಂದೆ ಸರಿಯುತ್ತಿತ್ತು. ಶ್ಯಾಮಲಾ ಗೋಡೆಗೆ ಅಕ್ಷರಮಾಲೆ ಅಂಟಿಸಿ, ಬಾಯಿಯ ಮುಂದೆ ಅಂಗೈ ಹಿಡಿಯಲು ಹೇಳಿಕೊಟ್ಟಳು. 'ಹ' ಅಂದರೆ ಉಸಿರು ಅಂಗೈಗೆ ತಾಗಬೇಕು. "ಹಕ್ಕಿ ಅನ್ನು. ತಾಗ್ತಾ? ಇನ್ನೊಂದ್ಸಲ." ಬೆಳಿಗ್ಗೆ ಇದೇ, ಸಂಜೆ ಇದೇ. ಕೆಲವೇ ದಿನದಲ್ಲಿ ಮಗು ಮನೆಯೊಳಗೂ ಮಾತು ಬಿಟ್ಟು ಬರೀ ತಲೆ ಆಡಿಸತೊಡಗಿತು.

ಮೂರನೇ ಮಹಡಿಯ ಬಾಡಿಗೆದಾರಳು ಭಾಗ್ಯಶ್ರೀ ಬಾಗಲಕೋಟೆ ಕಡೆಯವಳು. ಗಂಡ ಹನುಮೇಶ ಮೆಟ್ರೊ ಕೆಲಸದ ಎಲೆಕ್ಟ್ರಿಷಿಯನ್. ಸೈಟು ಬದಲಾದ ಹಾಗೆಲ್ಲ ಮನೆಯೂ ಬದಲು. ಮಗನನ್ನು ಯಾವ ಶಾಲೆಗೂ ನೆಟ್ಟಗೆ ಸೇರಿಸಲಾಗದೆ, ಫೋನಿನಲ್ಲಿ ಸಿಕ್ಕಿದ ತಾಯಂದಿರ ಗುಂಪೊಂದನ್ನು ನೋಡಿಕೊಂಡು, ಕಥೆಪುಸ್ತಕ ಓದಿ ಮನೆಯಲ್ಲೇ ಕಲಿಸುತ್ತಿದ್ದಳು. ಮೆಟ್ಟಿಲಿಳಿಯುವಾಗ ದಿನವೂ ಈ ಅಭ್ಯಾಸ ಅವಳ ಕಿವಿಗೆ ಬೀಳುತ್ತಿತ್ತು. ಒಂದು ದಿನ ಬಾಗಿಲಲ್ಲಿ ನಿಂತೇಬಿಟ್ಟಳು.

"ಅಕ್ಕಾರ, ಬೈಬ್ಯಾಡ್ರಿ, ಒಂದ್ ಮಾತ್ ಕೇಳ್ತೀನಿ. ಸಿಟ್ಟು ಕೆಳಗಿನ ಮಿಸ್ಸಿನ ಮ್ಯಾಲ. ಅದನ್ನ ತೀರಿಸ್ಕೊಳ್ಳಾಕತ್ತಿದ್ದು ಯಾರ ಮ್ಯಾಲ್ರಿ?"

ಶ್ಯಾಮಲಾ ಅಕ್ಷರಮಾಲೆಯನ್ನು ನೋಡಿದಳು. ಮಗಳನ್ನು ನೋಡಲಿಲ್ಲ.

"ದಿನಾ ಒಂದ್ ಕಥಿ ಓದ್ರಿ, ಅಷ್ಟ. ಓದಿದ ಮ್ಯಾಲ ಆಕಿ ತನ್ನ ಮಾತಿನ್ಯಾಗ ತಿರುಗಿ ಹೇಳ್ಲಿ. ಹೇಳ್ಲಿಲ್ಲಂದ್ರ ಬಿಡ್ರಿ. ಕಥ್ಯಾಗ ಕಾಗಿ ಬಂತಂದ್ರ ಮಾಳಿಗಿ ಮ್ಯಾಲ ಹೋಗಿ ಕಾಗಿ ನೋಡ್ರಿ. ಅಕ್ಷರ ತಾನ ಬರ್ತಾವ. ಆದ್ರ ತಿದ್ದಾಕ ಮಾತ್ರ ಹೋಗಬ್ಯಾಡ್ರಿ."

"ತಿದ್ದದೇ ಇದ್ರೆ ಎಂಗೆ ಕಲೀತಾಳೆ ಭಾಗ್ಯ?"

"ನೀವೀಗ 'ಎಂಗೆ' ಅಂದ್ರಿ. ನಾ ತಿದ್ದಿದೆನ? ನನಗೇನ ತಿಳೀಲಿಲ್ಲೇನು?"

ಶ್ಯಾಮಲಾ ಅವಳನ್ನು ಒಳಗೆ ಕರೆದು ಕಾಫಿ ಕೊಟ್ಟಳು. ವೇದಿಕೆಯ ಲೆಕ್ಕಾಚಾರವನ್ನೂ ಹೇಳಿದಳು. ಭಾಗ್ಯಶ್ರೀಗೆ ಅದು ಹಿಡಿಸಲಿಲ್ಲ. "ಮಕ್ಕಳಿಗೆ ಕಥಿ ಓದಾಕ ಇದು ಕಾರಣ ಅಲ್ರಿ ಅಕ್ಕಾರ."

"ನಂಗೆ ಇದೇ ಕಾರಣ" ಎಂದಳು ಶ್ಯಾಮಲಾ.

ಪುಸ್ತಕ ಸಿಕ್ಕಿದ್ದು ಕಾಡುಗೋಡಿಯ ಗುಜರಿ ಅಂಗಡಿಯಲ್ಲಿ. ಸುತ್ತಲಿನ ಅಪಾರ್ಟ್‌ಮೆಂಟುಗಳ ರದ್ದಿಯೆಲ್ಲ ಅಲ್ಲಿಗೇ ಬರುತ್ತದೆ. ಮೇಲೆ ಸವೆದ ಇಂಗ್ಲಿಷ್ ಪುಸ್ತಕಗಳು, ತಳದಲ್ಲಿ ಕನ್ನಡದವು. ಯಾರೋ ಹುಟ್ಟುಹಬ್ಬಕ್ಕೆ ಕೊಟ್ಟು, ಯಾರೂ ತೆರೆಯದೆ ಹೊಸದಾಗಿಯೇ ಉಳಿದವು. "ಇವನ್ನ ಯಾರೂ ಕೇಳಲ್ಲಕ್ಕ, ಕಟ್ಟು ಸಮೇತ ತಗೊಂಡೋಗಿ" ಎಂದ ಅಂಗಡಿಯವನು.

ಮೊದಲು ಓದಿದ್ದು ಬೆಲ್ಲದ ಆಸೆಗೆ ಊರಿಗೆ ನುಗ್ಗಿದ ಆನೆಯ ಕಥೆ. ಮಗು ಅಕ್ಕಿ ಆರಿಸುತ್ತಾ ಕೇಳಿತು, ಏನೂ ಹೇಳಲಿಲ್ಲ. ಮರುದಿನ ಅದನ್ನೇ ಮತ್ತೆ ಓದಿದಳು. ಮೂರನೇ ದಿನ ಹೊಸ ಕಥೆ ತೆಗೆದಾಗ ಮಗು ಪುಸ್ತಕದ ಮೇಲೆ ಕೈಯಿಟ್ಟು ಆನೆಯ ಪುಟಕ್ಕೆ ತಿರುಗಿಸಿತು. ವಾರದ ಕೊನೆಗೆ "ಆನೆಗೆ ಒಟ್ಟೆ ನೋವು ಬಂತು" ಎಂದು ತಾನೇ ಹೇಳಿತು. ಒಟ್ಟೆ ಅಲ್ಲ, ಹೊಟ್ಟೆ. ತಿದ್ದುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಶ್ಯಾಮಲಾ ಅದನ್ನು ನುಂಗಿಕೊಂಡು "ಆಮೇಲೆ?" ಎಂದಳು. ಹಾಗೆ ನುಂಗಿಕೊಂಡ ಒಂದೊಂದನ್ನೂ ಮನಸ್ಸಿನಲ್ಲಿ ಮಿಸ್‌ನ ಲೆಕ್ಕಕ್ಕೆ ಬರೆದುಕೊಂಡಳು.

ಮಳೆಗಾಲ ಕಳೆಯುವ ಹೊತ್ತಿಗೆ ಮಗು ಓದಿದ್ದನ್ನು ಮಾತ್ರವಲ್ಲ, ಓದದ್ದನ್ನೂ ಹೇಳತೊಡಗಿತ್ತು. ಆದರೆ ಮನೆಯೊಳಗೆ ಮಾತ್ರ. ಹೊಸ್ತಿಲು ದಾಟಿದರೆ ಮತ್ತೆ ಬೆರಳೇ. ಆ ದಿನಗಳಲ್ಲೊಮ್ಮೆ ಅದು ಸಾಲಿನ ಮೇಲೆ ಬೆರಳಿಟ್ಟು ತಾಯಿಯನ್ನು ತಡೆಯಿತು.

"ಅಮ್ಮ, ಇಲ್ಲಿ ಬ್ಯಾರೆ ಐತೆ, ಇಲ್ಲಿ ಬ್ಯಾರೆ ಐತೆ. ನೀನು ಎಲ್ಡೂ ಒಂದೇ ತರ ಓದ್ತೀಯ."

ಒಂದು ಕಡೆ 'ಅಕ್ಕಿ' ಎಂದಿತ್ತು, ಇನ್ನೊಂದು ಕಡೆ 'ಹಕ್ಕಿ'. ಜೋರಾಗಿ, ಮಿಸ್‌ಗೆ ಕೇಳಿಸಲೆಂದು ಓದುತ್ತಿದ್ದವಳು ಇಷ್ಟು ದಿನವೂ ಎರಡನ್ನೂ ಅಕ್ಕಿ ಎಂದೇ ಓದಿದ್ದಳು. ಶ್ಯಾಮಲಾಳ ಮುಖ ಬಿಸಿಯಾಯಿತು. ಕಿಟಕಿಯ ಒಂದು ಬಾಗಿಲು ಮುಚ್ಚಿ ಬಂದು, ಎರಡನೆಯದನ್ನು ಉಸಿರು ಬಿಟ್ಟು ಓದಿದಳು. ಮಗು ತಾಯಿಯ ಬಾಯಿಯ ಮುಂದೆ ತಾನೇ ಅಂಗೈ ಹಿಡಿಯಿತು.

"ಓ. ಇದು ಮಿಸ್ಸಿಂದು" ಎಂದಿತು. "ಮಿಸ್ಸು ಬೀರುಲಿ ಇಟ್ಕೊಂಡವ್ರೆ."

ಮಗುವಿನ ಸ್ವಂತ ಕಥೆ ಹುಟ್ಟಿದ್ದು ಅಲ್ಲಿಂದ. ದಿನಕ್ಕಿಷ್ಟು ಬೆಳೆಯಿತು. ಶ್ಯಾಮಲಾ ಕೇಳುತ್ತಾ ಕೇಳುತ್ತಾ ಅದರ ಉಪಯೋಗ ಕಂಡುಕೊಂಡಳು. ಕೊನೆಯಲ್ಲಿ ಒಂದಿಷ್ಟು ಖಾರ ಸೇರಿಸಲೂ ನೋಡಿದಳು. "ಆಮೇಲೆ ಮಿಸ್ಸಿಗೆ ಚೆನ್ನಾಗಿ ಬಿತ್ತು ಅನ್ನೋಣ್ವಾ?" ಮಗು ಒಪ್ಪಲಿಲ್ಲ. "ಒಡಿಯೋದು ಬ್ಯಾಡ" ಎಂದಷ್ಟೇ ಹೇಳಿ ಮತ್ತೆ ಅಕ್ಕಿಗೆ ಕೈಹಾಕಿತು.

ಫೆಬ್ರುವರಿಯಲ್ಲಿ ಮತ್ತೆ ಶಾಮಿಯಾನ ಎದ್ದಿತು. ಮತ್ತೆ ವೆಂಕಟೇಶಪ್ಪನವರಿಗೆ ಪೇಟ. ಹಿಂದಿನ ದಿನವೇ ಶ್ಯಾಮಲಾ ಮಾವನಿಗೆ ಹೇಳಿಟ್ಟಿದ್ದಳು. "ನಿಮ್ಗೆ ಎರಡು ಮಾತಾಡಿ ಅಂತಾರಲ್ಲ, ಆಗ ಆಸಿನೀನ ಕರೀರಿ ಮಾವ. ಒಂದು ಕಥೆ ಏಳ್ತಾಳೆ."

"ಏಳ್ಲಿ ಬಿಡಮ್ಮ. ನನ್ನ ಮಾತು ಯಾರು ಕೇಳ್ತಾರೆ?"

ಮುಖ್ಯ ಅತಿಥಿಯೇ ಮೈಕು ಹಿಡಿದು ಮೊಮ್ಮಗಳನ್ನು ಕರೆದಾಗ ನಿರುಪಮಾ ಮಿಸ್‌ಗೆ ಬೇಡ ಎನ್ನಲು ದಾರಿ ಇರಲಿಲ್ಲ. ಹಾಸಿನಿ ಹತ್ತಿ ಹೋಗಿ ನಿಂತಳು. ಮೈಕು ಬಾಯಿಯ ಮಟ್ಟಕ್ಕೆ ಇಳಿಯಿತು. ಮಗುವಿನ ಎರಡೂ ಕೈ ಫ್ರಾಕಿನ ಅಂಚಿಗೆ ಹೋದವು. ಮೂರನೇ ಸಾಲಿನಲ್ಲಿ ಕೂತಿದ್ದ ಶ್ಯಾಮಲಾಗೆ ತನ್ನ ಲೆಕ್ಕಾಚಾರವೆಲ್ಲ ಒಮ್ಮೆಗೇ ಅಸಹ್ಯವಾಗಿ ಕಂಡಿತು. ಪಕ್ಕದಲ್ಲಿದ್ದ ಭಾಗ್ಯಶ್ರೀ ಅವಳ ಮುಂಗೈ ಹಿಡಿದುಕೊಂಡಳು.

"ಏಳು ಮಗ" ಎಂದರು ತಾತ.

ಆಗ ಮಿಸ್ ಬಗ್ಗಿ, ಎಲ್ಲರಿಗೂ ಕೇಳುವಂತೆ, "ಭಯ ಬೇಡ ಕಂದಾ. ಏನ್ ಕಥೆ? ಹಕ್ಕಿದಾ?" ಎಂದರು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಮಗು ಮಿಸ್ ಕಡೆ ತಿರುಗಿತು. "ಅಲ್ಲ. ಅಕ್ಕಿದು. ತಿನ್ನೋ ಅಕ್ಕಿ."

ಫ್ರಾಕನ್ನು ಬಿಟ್ಟು ಮೈಕು ಹಿಡಿದುಕೊಂಡಿತು.

"ಒಂದು ಮೊರದಲ್ಲಿ ಅಕ್ಕಿ ಇತ್ತು. ಅದಕ್ಕೆ ಆರ್ಬೇಕು ಅಂತ ಆಸೆ. ಬಿಸ್ಲಲ್ಲಿ ಆರೋದಲ್ಲ, ಮ್ಯಾಲೆ ಆರೋದು. ಅದಕ್ಕೆ ಒಂದಕ್ಷರ ಬೇಕಿತ್ತು. ಆ ಅಕ್ಷರಾನ ಮಿಸ್ಸು ಬೀರುಲಿಟ್ಟು ಬೀಗ ಆಕಿದ್ರು. ಕೇಳಕ್ಕೋದ್ರೆ ಕೊಡ್ತಿರ್ಲಿಲ್ಲ, ನಗ್ತಿದ್ರು. ಮೈಕಲ್ಲಿ ನಗ್ತಿದ್ರು."

ಮುಂದಿನ ಸಾಲಿನ ಕೆಲವರು ಮಿಸ್ ಕಡೆ ತಿರುಗಿದರು.

"ಅಕ್ಕಿ ಚಿಕ್ಕದಲ್ವಾ, ಬಾಗ್ಲು ಸಂದೀಲಿ ಉಳ್ಳಿಕೊಂಡು ಓಯ್ತು. ಬೀಗದ ತೂತಲ್ಲಿ ಒಳಕ್ಕೋಯ್ತು. ಅಕ್ಷರ ತಲೆ ಮ್ಯಾಲೆ ಇಟ್ಕೊಂತು. ಆಮೇಲೆ..." ಮಗು ಎದೆ ತುಂಬ ಉಸಿರೆಳೆದುಕೊಂಡಿತು. ಬಾಯಿಯ ಮುಂದೆ ಅಂಗೈ ಹಿಡಿಯಲಿಲ್ಲ. ಉಸಿರು ನೇರ ಮೈಕಿಗೇ ಬಡಿದು ಸ್ಪೀಕರುಗಳು ಬುಸ್ಸೆಂದವು. "ಹಕ್ಕಿ! ಹಾರಿಹೋಯ್ತು!"

ಹಿಂದೆ ನಿಂತಿದ್ದ ಊರಿನವರಲ್ಲಿ ಒಬ್ಬ ಕೂಗಿದ: "ಮಿಸ್ಸು, ಇನ್ಮೇಲೆ ಬೀಗ ಸರಿಯಾಗಿ ಆಕ್ಕಳಿ!"

ಈ ಸಲದ ನಗು ಹಿಂದಿನಿಂದ ಹುಟ್ಟಿ ಮುಂದಿನ ಸಾಲಿಗೆ ಬಂದಿತು. ಶ್ಯಾಮಲಾ ಮಗಳನ್ನು ನೋಡಲಿಲ್ಲ. ಅವಳ ಕಣ್ಣು ಮಿಸ್ ಮುಖದ ಮೇಲಿತ್ತು. ಒಂದು ವರ್ಷ ಕಾದಿದ್ದು ಆ ಮುಖ ಸಣ್ಣಗಾಗುವುದನ್ನು ನೋಡಲು. ಅದು ಸಣ್ಣಗಾಗಲಿಲ್ಲ. ಮಿಸ್ ಮೊಬೈಲ್ ಎತ್ತಿ ಹಿಡಿದು ವಿಡಿಯೋ ಮಾಡುತ್ತಿದ್ದರು. ಮುಗಿದ ಮೇಲೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿ, ಮಗುವಿನ ಕೆನ್ನೆ ಹಿಂಡಿ ಚಾಕೊಲೇಟ್ ಕೊಟ್ಟರು.

ಮರುದಿನ ಗುರುರಾಜ್ ಫೋನ್ ಹಿಡಿದು ಓಡಿಬಂದ. "ನೋಡೇ, ನಮ್ಮ ಮಗ ಫೇಮಸ್ ಆಗೋದ್ಲು!" ನರ್ಸರಿಯ ಪುಟದಲ್ಲಿ ಹಾಸಿನಿಯ ಕಥೆ ಓಡುತ್ತಿತ್ತು. 'ಮೈಕಲ್ಲಿ ನಗ್ತಿದ್ರು' ಎಂಬ ಮಾತನ್ನು ಕತ್ತರಿಸಿದ್ದರು. ಕೆಳಗೆ ಬರೆದಿತ್ತು: 'ನಮ್ಮ ನರ್ಸರಿಯ ಹೆಮ್ಮೆಯ ಹಾಸಿನಿ. ಹೊಸ ವರ್ಷದ ಪ್ರವೇಶ ಆರಂಭವಾಗಿದೆ.'

ಶ್ಯಾಮಲಾ ಒಲೆ ಆರಿಸಿದಳು. ಮಕ್ಕಳನ್ನು ಕರೆದೊಯ್ಯಲು ತಾಯಂದಿರೆಲ್ಲ ಗೇಟಿನ ಬಳಿ ಸೇರುವವರೆಗೆ ಕಾದು, ಆಮೇಲೆ ಕೆಳಗಿಳಿದಳು.

"ವಿಡಿಯೋ ತೆಗೀರಿ ಮಿಸ್."

"ಯಾಕೆ ಶ್ಯಾಮಲಾ? ಎಷ್ಟು ಕ್ಯೂಟಾಗಿ ಬಂದಿದೆ! ನಮ್ಮ ಸ್ಟೇಜ್ ಮೇಲೇ ತಾನೆ ಹೇಳಿದ್ದು?"

"ಸ್ಟೇಜಿರೋ ಜಾಗ ನಮ್ದು. ಕಥೆ ಅವಳ್ದು. ನಿಮ್ಮದು ಅಂತ ಅದ್ರಲ್ಲಿರೋದು ಬೀಗ ಒಂದೇ."

ಸಿದ್ದಕ್ಕ ಗೇಟಿಗೆ ಬೆನ್ನು ಕೊಟ್ಟು ನಿಂತಳು. ಅವಳಿಗೆ ಒಳಗೆ ಹೋಗುವ ಆತುರವಿರಲಿಲ್ಲ. ಮಿಸ್ ದನಿ ತಗ್ಗಿಸಿದರು. "ಒಳಗೆ ಬನ್ನಿ, ಕೂತು ಮಾತಾಡೋಣ."

"ಓದ್ವರ್ಸ ಒಳಗೆ ಬಂದಿದ್ದೆ. ನೀರು ಕುಡ್ದು ಓದೆ. ಈವತ್ತು ಇಲ್ಲೇ ಏಳ್ತೀನಿ. ನೀವು ಅವಳ ಕೈಲಿ ಮೂರು ಸಲ ಏಳಿಸಿದ್ರಿ, ನಾನು ಒಂದೇ ಸಲ ಏಳ್ತೀನಿ. ನಿಮ್ಮ ಅತ್ರ ನನ್ನ ಮಗಳು ಕಲ್ತಿದ್ದು ಒಂದೇ, ಬಾಯಿ ಮುಚ್ಕೊಳ್ಳೋದು. ಅದನ್ನ ತೆರ್ಸಕ್ಕೆ ಒಂದು ವರ್ಸ ಇಡೀತು. ಅದನ್ನ ಆಕ್ಕಳಿ ನಿಮ್ಮ ಪೇಜಲ್ಲಿ. ಹೊಸ ಅಡ್ಮಿಷನ್‌ನೋರು ಓದ್ಕೊಳ್ಳಿ."

ಒಂದೇ ಒಂದು 'ಹ' ಉಚ್ಚಾರವಾಗಿತ್ತು. ಅದನ್ನೂ ಅವಳು ಜ್ಞಾಪಿಸಿಕೊಂಡು ಹೇಳಿದ್ದಲ್ಲ. ಈ ಸಲ ಯಾರೂ ನಗಲಿಲ್ಲ. ನಿರುಪಮಾ ಮಿಸ್ ತಾಯಂದಿರ ಕಡೆ ನೋಡಿದರು. ಮಿಸ್ ಮುಖ ಸಣ್ಣಗಾಯಿತು. ಶ್ಯಾಮಲಾ ಅದನ್ನು ಅವಸರವಿಲ್ಲದೆ, ಸಾಕೆನಿಸುವಷ್ಟು ಹೊತ್ತು ನಿಂತು ನೋಡಿದಳು.

ಸಂಜೆಯೊಳಗೆ ವಿಡಿಯೋ ಮಾಯವಾಗಿತ್ತು. ಗೇಟಿನ ಗಲಾಟೆ ಊರೆಲ್ಲ ಸುತ್ತಿ ವೆಂಕಟೇಶಪ್ಪನವರ ಕಿವಿಗೂ ಬಿತ್ತು. ಹಿಂದಿನ ವರ್ಷ ಜನ ನಕ್ಕಿದ್ದು ಯಾಕೆಂದು ಸಿದ್ದಕ್ಕ ಅವರಿಗೆ ಬಿಡಿಸಿ ಹೇಳಿದ್ದಳು. ಎಷ್ಟು ಅರ್ಥವಾಯಿತೋ, ಸೊಸೆಯನ್ನು ಕರೆದರು.

"ಖಾಲಿ ಮಾಡಿ ಅಂತ ಏಳ್ಬಿಡ್ಲೇನಮ್ಮ ಆವಮ್ಮಂಗೆ?"

"ಬ್ಯಾಡ ಮಾವ. ಇಲ್ಲೇ ಇರ್ಲಿ" ಎಂದಳು ಶ್ಯಾಮಲಾ. "ದಿನಾ ಕೇಳ್ಸಿಕೊಳ್ಳಲಿ."

ಅಂದು ಗೇಟಿನ ಬಳಿ ನಿಂತಿದ್ದವರಲ್ಲಿ ಇಬ್ಬರು ತಾಯಂದಿರು ಮರುದಿನ ಮೆಟ್ಟಿಲು ಹತ್ತಿ ಬಂದು, ಪುಸ್ತಕ ಎಲ್ಲಿ ಸಿಗುತ್ತದೆ, ಹೇಗೆ ಶುರುಮಾಡುವುದು ಎಂದು ಕೇಳಿದರು. ಸೋಮವಾರದಿಂದ ಅವರ ಮಕ್ಕಳು ನರ್ಸರಿಯ ಗೇಟಿನೊಳಗೆ ಹೋಗದೆ ನೇರ ಎರಡನೇ ಮಹಡಿಗೆ ಬರುತ್ತಾರೆ. ಭಾಗ್ಯಶ್ರೀಯ ಮಗನೂ ಇಳಿದು ಬರುತ್ತಾನೆ. ಶ್ಯಾಮಲಾ ಇನ್ನೊಂದು ಚಾಪೆ ತಂದಿಟ್ಟಿದ್ದಾಳೆ. ಅದನ್ನೂ ಆ ಕಿಟಕಿಯ ಬುಡದಲ್ಲೇ ಹಾಸುತ್ತಾಳೆ.